ಹೆಸರು ಹೇಳದ ಪ್ರಾರ್ಥನೆ

ಜಾಲಹಳ್ಳಿಯ ಕನ್ನಡ ಕ್ರೈಸ್ತ ಸಭೆಯಲ್ಲಿ ಯಾರಾದರೂ ಆಸ್ಪತ್ರೆ ಸೇರಿದರೆ ಡಾಕ್ಟರು ಬರುವುದಕ್ಕೆ ಮೊದಲೇ ಕೃಪಾವತಿಯವರ ಮೆಣಸಿನ ಸಾರು ಬಂದಿರುತ್ತದೆ ಎಂದು ಜನ ತಮಾಷೆ ಮಾಡುತ್ತಿದ್ದರು. ಅದರಲ್ಲಿ ಸುಳ್ಳು ಹೆಚ್ಚಿರಲಿಲ್ಲ. ಅವರಿಗೆ ಅರವತ್ತಮೂರು. ಮೂವತ್ತನಾಲ್ಕು ವರ್ಷ ಅಲ್ಲೇ ಹತ್ತಿರದ ಕಾರ್ಖಾನೆಯೊಂದರಲ್ಲಿ ತಾಮ್ರದ ತಂತಿ ಸುತ್ತುವ ವಿಭಾಗದಲ್ಲಿ ಬೆಳಗಿನ ಪಾಳಿಯಲ್ಲಿ ದುಡಿದು, ಕೊನೆಯ ಹನ್ನೆರಡು ವರ್ಷ ಇಪ್ಪತ್ತೆರಡು ಹೆಂಗಸರಿಗೆ ಮೇಲ್ವಿಚಾರಕಿಯಾಗಿದ್ದು ನಿವೃತ್ತರಾದವರು. ಮೆಷಿನ್ನುಗಳ ಸದ್ದಿನ ಮೇಲೆ ಮಾತಾಡಿ ರೂಢಿಯಾದ ಗಂಟಲು ಮನೆಗೆ ಬಂದ ಮೇಲೂ ತಗ್ಗಲಿಲ್ಲ. ಗುಟ್ಟು ಹೇಳಿದರೂ ಹಿಂದಿನ ಬೆಂಚಿಗೆ ಕೇಳುತ್ತಿತ್ತು. ಗಂಡ ತೀರಿಕೊಂಡು ಆರು ವರ್ಷ. ಮನೆಯ ಕೆಳಭಾಗವನ್ನು ದಿಲ್ಶಾದ್ ಎಂಬ ಟೈಲರಿಗೆ ಬಾಡಿಗೆಗೆ ಕೊಟ್ಟು, ಮೇಲೆ ತಾವೊಬ್ಬರೇ ಇದ್ದರು. ಒಬ್ಬರೇ ಎಂದರೆ ಮಲಗುವಾಗ ಮಾತ್ರ. ಉಳಿದ ಹೊತ್ತೆಲ್ಲ ಸಭೆಯ ಕೆಲಸ.

ಸಭೆಯ ಸ್ತ್ರೀಯರ ಸಂಘಕ್ಕೆ ಹದಿನೆಂಟು ವರ್ಷದಿಂದ ಅವರೇ ಅಧ್ಯಕ್ಷೆ. ಎರಡು ವರ್ಷಕ್ಕೊಮ್ಮೆ ಚುನಾವಣೆ ಎಂಬುದೊಂದು ನಡೆಯುತ್ತಿತ್ತು. ಯಾರಾದರೂ ಒಬ್ಬರು "ಆಂಟೀನೇ ಇರ್ಲಿ ಬಿಡ್ರೀ" ಎನ್ನುತ್ತಿದ್ದರು, ಉಳಿದವರು ಚಪ್ಪಾಳೆ ತಟ್ಟಿ ಕಾಫಿಗೆ ಏಳುತ್ತಿದ್ದರು. ಹಾಗೆ ಇರಲಿ ಎನ್ನುವುದಕ್ಕೆ ಕಾರಣವೂ ಇತ್ತು. ಯಾರ ಮನೆಯಲ್ಲಿ ಗ್ಯಾಸು ಮುಗಿದಿದೆ, ಯಾರ ಮಗಳಿಗೆ ವರ ನೋಡುತ್ತಿದ್ದಾರೆ, ಯಾವ ವಿಧವೆಯ ಪಿಂಚಣಿ ಅರ್ಜಿ ಯಾವ ಮೇಜಿನ ಮೇಲೆ ಕೊಳೆಯುತ್ತಿದೆ, ಎಲ್ಲ ಅವರ ನಾಲಿಗೆ ತುದಿಯಲ್ಲಿತ್ತು.

ಸಂಘದ ಜೀವ ಇದ್ದದ್ದು ಬುಧವಾರದ ಕೂಟದಲ್ಲಿ. ವಾರಕ್ಕೊಬ್ಬರ ಮನೆಯಲ್ಲಿ, ಮಧ್ಯಾಹ್ನ ಮೂರಕ್ಕೆ, ಹದಿನೈದು ಇಪ್ಪತ್ತು ಹೆಂಗಸರು ಸೇರುವುದು. ಎರಡು ಹಾಡು, ಸ್ವಲ್ಪ ಬೈಬಲ್ ವಾಕ್ಯ, ಆಮೇಲೆ ಪ್ರಾರ್ಥನೆ ವಿಷಯಗಳು, ಕೊನೆಗೆ ಖಾರಾಬೂಂದಿ ಮತ್ತು ಟೀ. ಪ್ರಾರ್ಥನೆ ವಿಷಯ ಎಂದರೆ, ಸಭೆಯವರಲ್ಲಿ ಯಾರಿಗೆ ಏನು ಕಷ್ಟವಿದೆಯೋ ಅದನ್ನು ಕೃಪಾವತಿ ಒಂದೊಂದಾಗಿ ಹೇಳುವುದು, ಎಲ್ಲರೂ ಕಣ್ಣು ಮುಚ್ಚಿ ಅದಕ್ಕಾಗಿ ಬೇಡುವುದು. ಅದರಲ್ಲಿ ಅವರದೊಂದು ಕಟ್ಟುನಿಟ್ಟಿನ ನಿಯಮವಿತ್ತು. ಹೆಸರು ಹೇಳಬಾರದು. "ನಮ್ಮ ಸಹೋದರಿಯೊಬ್ಬರು" ಎಂದಷ್ಟೇ ಹೇಳಬೇಕು. ಬೇರೆ ಸಭೆಗಳಲ್ಲಿ ಹೆಸರು ಹಿಡಿದು ಪ್ರಾರ್ಥನೆ ಮಾಡಿ ಸಂಸಾರಗಳು ಒಡೆದ ಕಥೆಯನ್ನು ಅವರು ಬಲ್ಲರು. ತಮ್ಮ ಸಂಘದಲ್ಲಿ ಹದಿನೆಂಟು ವರ್ಷದಲ್ಲಿ ಅಂಥದ್ದೊಂದೂ ನಡೆದಿಲ್ಲ ಎಂಬುದು ಅವರ ಹೆಮ್ಮೆ.

ಫೆಬ್ರುವರಿಯ ಒಂದು ಭಾನುವಾರ, ಆರಾಧನೆ ಅರ್ಧದಲ್ಲಿರುವಾಗ, ಅವರು ದೇವಾಲಯದ ಹಿಂಬದಿಯ ತಾಯಂದಿರ ಕೋಣೆಗೆ ಹೋದರು. ಅಲ್ಲಿ ಮೋನಿಷಾ ಒಬ್ಬಳೇ ಕೂತಿದ್ದಳು. ಯಶವಂತಪುರದ ಹುಡುಗಿ, ಎರಡು ವರ್ಷದ ಹಿಂದೆ ಸಹಕಾರನಗರದ ಸುನೀಲನನ್ನು ಮದುವೆಯಾಗಿ ಈ ಸಭೆಗೆ ಬಂದವಳು. ನಾಲ್ಕು ತಿಂಗಳ ಹೆಣ್ಣುಮಗು ಪಕ್ಕದ ಚಾಪೆಯ ಮೇಲೆ ಕೈಕಾಲು ಆಡಿಸುತ್ತಿತ್ತು. ತಾಯಿ ಗೋಡೆ ನೋಡುತ್ತಿದ್ದಳು.

"ಏನಮ್ಮ, ಪಾಪು ಚೆನ್ನಾಗ್ ಹಾಲು ಕುಡೀತಾಳಾ?"

"ಕುಡೀತಾಳೆ ಆಂಟಿ."

"ನಿದ್ದೆ?"

"ಅವಳು ಮಾಡ್ತಾಳೆ."

ಆ ಉತ್ತರದಲ್ಲಿ ಏನೋ ಉಳಿದಿದೆ ಎಂದು ಕೃಪಾವತಿಗೆ ಗೊತ್ತಾಯಿತು. ಇಂಥದ್ದು ಅವರಿಗೆ ಬೇಗ ಗೊತ್ತಾಗುತ್ತಿತ್ತು. ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡರು. ಸ್ವಲ್ಪ ಹೊತ್ತಿಗೆ ಅವಳು ತಾನಾಗಿ ಶುರುಮಾಡಿದಳು.

"ಎಲ್ರೂ ಪಾಪು ಹೆಂಗಿದೆ ಅಂತಾನೇ ಕೇಳ್ತಾರೆ. ಪಾಪು ಚೆನ್ನಾಗಿದೆ. ನನಗೇ ಏನೂ ಅನ್ನಿಸ್ತಿಲ್ಲ ಆಂಟಿ. ಯಾರದೋ ಮಗೂನ ನೋಡ್ಕೊಳ್ತಿದೀನಿ ಅನ್ಸತ್ತೆ. ಬಾಲ್ಕನಿ ಕಡೆ ಎತ್ಕೊಂಡ್ ಹೋಗೋಕೆ ಭಯ. ಏನೇನೋ ಯೋಚ್ನೆ ಬರತ್ತೆ. ಬಾಗ್ಲು ಹಾಕ್ಕೊಂಡ್ ಒಳಗೇ ಕೂತಿರ್ತೀನಿ. ನಾನ್ ಕೆಟ್ಟವಳಾ?"

"ಛೆ, ಅಂಥಾ ಮಾತೆಲ್ಲ ಆಡಬೇಡ."

"ಅತ್ತೆಗೆ ಗೊತ್ತಾಗ್ಬಾರ್ದು. ಸುನೀಲ್‌ಗೆ ನಾನೇ ಹೇಳ್ತೀನಿ, ಸ್ವಲ್ಪ ದಿನ ಬಿಟ್ಟು. ಅತ್ತೆಗೆ ಮಾತ್ರ ಬೇಡ."

"ನನ್ ಬಾಯಿಂದ ನಿನ್ ಹೆಸ್ರು ಹೊರಗ್ ಬರಲ್ಲ ಕಣಮ್ಮ. ನಾನ್ ನೋಡ್ಕೊಳ್ತೀನಿ" ಎಂದು ಕೃಪಾವತಿ ಅವಳ ತಲೆ ಸವರಿದರು.

ಮೂರನೆಯ ದಿನ ಬುಧವಾರ. ಕೂಟ ಸಂಜಯನಗರದಲ್ಲಿ, ಸಂಘದ ಕಾರ್ಯದರ್ಶಿ ಸಲೋಮಿಯ ಮನೆಯಲ್ಲಿ. ಹಾಡು ಮುಗಿಯುವ ಹೊತ್ತಿಗೆ ಹೊರಗೆ ಆಟೋ ನಿಂತಿತು. ಮೊಣಕಾಲು ನೋವಿನಿಂದ ಐದಾರು ತಿಂಗಳು ಕೂಟಕ್ಕೆ ಬಾರದಿದ್ದ ಎಸ್ತರಮ್ಮ ಗೋಡೆ ಹಿಡಿದುಕೊಂಡು ಒಳಗೆ ಬಂದರು. ಸುನೀಲನ ತಾಯಿ, ಮೋನಿಷಾಳ ಅತ್ತೆ. ಅವರಿಗೆ ಕುರ್ಚಿ ಹಾಕಿಕೊಟ್ಟರು.

ಕೃಪಾವತಿ ಅವರನ್ನು ನೋಡಿದರು. ನೋಡಲಿಲ್ಲ ಎಂದು ಆಮೇಲೆ ಅವರು ತಮಗೂ ಹೇಳಿಕೊಳ್ಳಲಿಲ್ಲ. ಒಂದು ಗಳಿಗೆ ತಡೆದರು. ಆದರೆ ವಿಷಯ ಗಂಟಲ ತನಕ ಬಂದಿತ್ತು. ಭಾನುವಾರದಿಂದ ಅದು ಅವರ ಎದೆಯ ಮೇಲೆ ಕೂತಿತ್ತು. ಒಬ್ಬಳು ಹೊತ್ತುಕೊಳ್ಳುವುದಕ್ಕಿಂತ ಇಪ್ಪತ್ತು ಜನ ಹೊತ್ತರೆ ಒಳ್ಳೆಯದು ಎನ್ನುವುದರಲ್ಲಿ ಅವರಿಗೆ ಸಂಶಯವಿರಲಿಲ್ಲ. ಇನ್ನೊಂದೂ ಇತ್ತು. ಇಂಥ ವಿಷಯ ತಮ್ಮ ತನಕ ಬರುತ್ತದೆ, ಜನ ತಮ್ಮನ್ನು ನಂಬಿ ಹೇಳುತ್ತಾರೆ ಎಂಬುದು ಕೂಟಕ್ಕೆ ತಿಳಿಯುವುದು ಅವರಿಗೆ ಬೇಡವಾಗಿರಲಿಲ್ಲ.

"ನಮ್ಮ ಯುವ ಸಹೋದರಿಯೊಬ್ಬಳು, ಚೊಚ್ಚಲ ತಾಯಿ. ಮಗುವಿನ ಮೇಲೆ ಮನಸ್ಸು ನಿಲ್ಲುತ್ತಿಲ್ಲವಂತೆ. ಬಾಲ್ಕನಿಗೆ ಹೋಗುವುದಕ್ಕೂ ಭಯಪಡುತ್ತಾಳೆ. ಕರ್ತನು ಅವಳ ಮನಸ್ಸನ್ನು ಮುಟ್ಟಲಿ ಎಂದು ಬೇಡೋಣ."

"ಸ್ತೋತ್ರ, ಸ್ತೋತ್ರ" ಎಂದು ಸುತ್ತಲಿನವರು ಕಣ್ಣು ಮುಚ್ಚಿದರು. ಎಸ್ತರಮ್ಮ ಮುಚ್ಚಲಿಲ್ಲ. ಟೀ ಬರುವುದಕ್ಕೆ ಮೊದಲೇ ಎದ್ದು ಹೋದರು.

ಶುಕ್ರವಾರ ಮೋನಿಷಾಳನ್ನು ಯಶವಂತಪುರದ ತಾಯಿಮನೆಗೆ ಕಳಿಸಿದರು. ರೆಸ್ಟ್ ತೆಗೆದುಕೊಳ್ಳಲಿ ಎಂದು. ಮಗುವನ್ನು ಕಳಿಸಲಿಲ್ಲ. ಅದಕ್ಕೆ ಡಬ್ಬಿ ಹಾಲು ಶುರುವಾಯಿತು. ಭಾನುವಾರ ಸಭೆಯಲ್ಲಿ ಇದು ಕೃಪಾವತಿಯ ಕಿವಿಗೆ ಬಿತ್ತು. ಸುನೀಲ ಎದುರಿಗೇ ಸಿಕ್ಕ. ಯಾವಾಗಲೂ ದೂರದಿಂದಲೇ ಕೈ ಎತ್ತುವ ಹುಡುಗ, ಗೋಡೆಯ ನೋಟೀಸು ಓದುತ್ತಾ ಪಕ್ಕದಲ್ಲೇ ಹಾದುಹೋದ.

ಸೋಮವಾರ ಬೆಳಗ್ಗೆ ಕೃಪಾವತಿ ಕೆಳಗೆ ದಿಲ್ಶಾದಳ ಅಂಗಡಿಯಲ್ಲಿ ಕೂತರು. ದಿಲ್ಶಾದ್ ರವಿಕೆಯೊಂದರ ತೋಳು ಜೋಡಿಸುತ್ತಿದ್ದಳು. ಎಂಟು ವರ್ಷದಿಂದ ಅವಳೇ ಅವರ ಮಾತು ಕೇಳುವವಳು. ಬಾಡಿಗೆಯ ಜೊತೆಗೆ ಅದೂ ಸೇರಿದೆ ಎಂದು ತಮಾಷೆ ಮಾಡುತ್ತಿದ್ದಳು.

"ನಾನ್ ಹೆಸ್ರು ಹೇಳಿಲ್ಲ ದಿಲ್ಶಾದ್. ನೋಡು, ಒಂದೇ ಒಂದ್ ಸಲ ಹೆಸ್ರು ಎತ್ತಿಲ್ಲ. ಯುವ ಸಹೋದರಿ ಅಂದೆ, ಅಷ್ಟೇ."

"ಮತ್ತೇನಂದ್ರಿ?"

"ಚೊಚ್ಚಲ ತಾಯಿ ಅಂದೆ."

ದಿಲ್ಶಾದ್ ಮೆಷಿನ್ನು ನಿಲ್ಲಿಸಿದಳು. "ಆಂಟಿ, ನಿಮ್ ಚರ್ಚಲ್ಲಿ ಈಗ ಮಡಿಲಲ್ಲಿರೋ ಚೊಚ್ಚಲ ಮಕ್ಳು ಎಷ್ಟಿವೆ?"

ಕೃಪಾವತಿ ಲೆಕ್ಕ ಹಾಕಿದರು. ಹಾಕುವುದಕ್ಕೇನೂ ಇರಲಿಲ್ಲ. "ಒಂದೇ."

"ಮತ್ತೆ ಹೆಸ್ರು ಯಾಕ್ ಬೇಕಿತ್ತು? ಫೋಟೋನೇ ತೋರ್ಸಿದೀರಲ್ಲ." ಅವಳು ದಾರ ಕಡಿದು ಮತ್ತೆ ಹೊಲಿಯತೊಡಗಿದಳು. "ಬೇಜಾರ್ ಮಾಡ್ಕೋಬೇಡಿ. ನನ್ ಹತ್ರಾನೂ ಹೆಂಗಸ್ರು ಅಳತೆ ಕೊಡೋವಾಗ ಏನೇನೋ ಹೇಳ್ತಾರೆ. ನಾನ್ ಬಟ್ಟೆ ಹೊಲ್ದು ಕೊಡ್ತೀನಿ, ಅಷ್ಟೆ."

ಆ ದಿನ ಕೃಪಾವತಿ ಊಟ ಮಾಡಲಿಲ್ಲ. ಮಾರ್ಚಿನ ಮೊದಲ ಭಾನುವಾರ ಮಹಿಳಾ ಭಾನುವಾರ. ಅಂದು ಆರಾಧನೆ ನಡೆಸುವವರು ಹೆಂಗಸರು, ಸಂದೇಶ ಕೊಡಬೇಕಾದವರು ಕೃಪಾವತಿ. ವಿಷಯ ಅವರೇ ಆರಿಸಿದ್ದು, ಕ್ರಿಸ್ತನ ಮನಸ್ಸು. ತನ್ನನ್ನು ತಗ್ಗಿಸಿಕೊಂಡು ಸೇವಕನಾದ ಬಗೆಯನ್ನು ಕುರಿತು ಹನ್ನೊಂದು ಪುಟ ಬರೆದು ಮುಗಿಸಿದ್ದರು, ದಪ್ಪ ಅಕ್ಷರದಲ್ಲಿ, ಕನ್ನಡಕ ಮರೆತರೂ ಓದಬಹುದು ಎನ್ನುವ ಹಾಗೆ. ಸಂಜೆ ಆ ಪುಟಗಳನ್ನು ತೆರೆದುಕೊಂಡು ಕೂತಾಗ ಅವರಿಗೊಂದು ಉಪಾಯ ಹೊಳೆಯಿತು. ಸಂದೇಶದ ಕೊನೆಯಲ್ಲಿ ಎಲ್ಲರೆದುರು ತಪ್ಪೊಪ್ಪಿಕೊಳ್ಳುವುದು.

ಮರುದಿನ ಪಾಸ್ಟರನ್ನು ಹುಡುಕಿಕೊಂಡು ಹೋದರು. ಮೂವತ್ತೈದರ ಯುವಕ, ಸಭೆಗೆ ಬಂದು ಒಂದು ವರ್ಷವಾಗಿತ್ತಷ್ಟೆ. ದೇವಾಲಯದ ಹಿಂದೆ ಕೆಟ್ಟ ನೀರಿನ ಮೋಟಾರು ಬಿಚ್ಚಿಕೊಂಡು ಕೂತಿದ್ದರು. ಕೃಪಾವತಿ ನಿಂತುಕೊಂಡೇ ಎಲ್ಲ ಹೇಳಿದರು.

"ಎಲ್ಲರ ಮುಂದೆ ಕೇಳ್ತೀನಿ ಪಾಸ್ಟರೇ. ಮಂಡಿ ಊರಿ ಕೇಳ್ತೀನಿ. ಮಾಡಿದ್ದು ಎಲ್ಲರ ಮುಂದೆ ತಾನೆ?"

ಪಾಸ್ಟರು ಸ್ಪ್ಯಾನರು ಕೆಳಗಿಟ್ಟರು. "ಕೇಳಿದ್ರೆ ಜನ ಅಳ್ತಾರಮ್ಮ. ನಿಮ್ಮನ್ನ ಇನ್ನೂ ಜಾಸ್ತಿ ಮೆಚ್ಕೊಳ್ತಾರೆ. ಆಗ ಮೋನಿಷಾ ಎಲ್ಲಿ ಕೂತಿರ್ತಾಳೆ?"

ಕೃಪಾವತಿ ಅಲ್ಲೇ ಜಗಲಿಯ ಮೇಲೆ ಕೂತರು.

"ಈಗ ಇಪ್ಪತ್ತು ಜನಕ್ಕೆ ಅರ್ಧ ಗೊತ್ತು. ಅವತ್ತು ಇನ್ನೂರು ಜನಕ್ಕೆ ಪೂರ್ತಿ ಗೊತ್ತಾಗತ್ತೆ. ಅವಳ ಹತ್ರ ಹೋಗಿದ್ರಾ?"

"ಇಲ್ಲ."

"ಮೊದ್ಲು ಅಲ್ಲಿಗೆ ಹೋಗ್ಬನ್ನಿ" ಎಂದು ಅವರು ಮತ್ತೆ ಮೋಟಾರಿನ ಕಡೆ ತಿರುಗಿದರು. ತನಗಿಂತ ಇಪ್ಪತ್ತೆಂಟು ವರ್ಷ ಚಿಕ್ಕವನು ಹೀಗೆ ಬೆನ್ನು ತಿರುಗಿಸಿದ್ದು ಕೃಪಾವತಿಗೆ ಚುಚ್ಚಿತು. ಆದರೂ ಬುಧವಾರ, ಹದಿನೆಂಟು ವರ್ಷದಲ್ಲಿ ಮೊದಲ ಸಲ ಕೂಟ ತಪ್ಪಿಸಿ, ಯಶವಂತಪುರಕ್ಕೆ ಮೆಟ್ರೊ ಹತ್ತಿದರು.

ಮಾರುಕಟ್ಟೆಯ ಹಿಂದಿನ ಗಲ್ಲಿ. ಇಡೀ ಬೀದಿಗೆ ಈರುಳ್ಳಿ ವಾಸನೆ. ಮೋನಿಷಾಳ ತಾಯಿ ಗಾರ್ಮೆಂಟ್ಸಿಗೆ ಹೋಗಿದ್ದರು. ಎರಡು ಕೋಣೆಯ ಮನೆಯಲ್ಲಿ ಮೋನಿಷಾ ಒಬ್ಬಳೇ ಬಚ್ಚಲ ಬಾಗಿಲಲ್ಲಿ ಕೂತು ಎದೆಹಾಲು ಹಿಂಡಿ ಬಟ್ಟಲಿಗೆ ಹಾಕುತ್ತಿದ್ದಳು. ಹಿಂಡದಿದ್ದರೆ ಗಡ್ಡೆ ಕಟ್ಟಿ ಜ್ವರ ಬರುತ್ತದೆ. ಬಂದವರನ್ನು ನೋಡಿ ಸೆರಗು ಸರಿಮಾಡಿಕೊಂಡಳು.

"ತಪ್ಪಾಯ್ತು ಮೋನಿಷಾ."

ಅವಳು ಬಟ್ಟಲಿನ ಹಾಲನ್ನು ಬಚ್ಚಲಿಗೆ ಸುರಿದು ನೀರು ಹಾಕಿದಳು.

"ದಿನಾ ನಿನಗೋಸ್ಕರ ಪ್ರಾರ್ಥನೆ ಮಾಡ್ತಿದೀನಮ್ಮ."

"ನನಗೋಸ್ಕರ ಪ್ರಾರ್ಥನೆ ಮಾಡ್ಬೇಡಿ ಆಂಟಿ." ದನಿ ಏರಿರಲಿಲ್ಲ. "ದಯವಿಟ್ಟು. ನೀವ್ ಪ್ರಾರ್ಥನೆ ಮಾಡಿದ್ದಕ್ಕೆ ನನ್ ಮಗು ಹೋಯ್ತು."

ಹೊರಗೆ ಲಾರಿಯೊಂದು ಹಿಂದಕ್ಕೆ ಬರುತ್ತಾ ಕಿರುಚುತ್ತಿತ್ತು.

"ಹಾಗಾದ್ರೆ ನಾನ್ ಏನ್ ಮಾಡ್ಲಿ?" ಎಂದರು ಕೃಪಾವತಿ. ಬಹಳ ವರ್ಷಗಳಿಂದ ಅವರು ಯಾರನ್ನೂ ಹೀಗೆ ಕೇಳಿರಲಿಲ್ಲ. ಏನು ಮಾಡಬೇಕೆಂದು ಅವರಿಗೆ ಯಾವಾಗಲೂ ಗೊತ್ತಿರುತ್ತಿತ್ತು.

"ನನಗೆ ಡಾಕ್ಟ್ರ ಹತ್ರ ಹೋಗ್ಬೇಕು. ಹೆದ್ರಿಕೆ ಹೋಗೋದಕ್ಕೆ ಔಷಧಿ ಇದೆ ಅಂತ ಫೋನಲ್ಲಿ ಓದಿದೀನಿ. ಆಮೇಲೆ ನನ್ ಮಗು ಬೇಕು. ಅವಳನ್ನ ಕಂಡ್ರೆ ಏನೂ ಅನ್ಸಲ್ಲ ಅಂದಿದ್ದೆ ಅಲ್ವಾ? ಐದ್ ದಿನದಿಂದ ಅವಳು ಬೇಕು ಅಂತ ಅದೊಂದೇ ಅನ್ಸ್ತಿದೆ. ಅತ್ತೆ ನನ್ ಫೋನ್ ಎತ್ತಲ್ಲ. ಸುನೀಲ್ ಅಮ್ಮನ ಮಾತು ಮೀರಲ್ಲ. ನೀವೇ ಹೋಗಿ ಹೇಳಿ. ಹೇಳಿದ್ದು ನೀವೇ ತಾನೆ?"

ಕಾರ್ಖಾನೆಯಲ್ಲಿ ಮ್ಯಾನೇಜರುಗಳೆದುರು ನಿಂತು ವಾದಿಸಿದ ಕೃಪಾವತಿ ಗುರುವಾರ ಸಹಕಾರನಗರದ ಮೂರನೇ ಮಹಡಿಯ ಆ ಮನೆಯ ಬಾಗಿಲೆದುರು, ಹೇಳಬೇಕಾದ್ದನ್ನು ಇನ್ನೊಮ್ಮೆ ಮನಸ್ಸಿನಲ್ಲೇ ಹೇಳಿಕೊಂಡು ಬೆಲ್ಲು ಒತ್ತಿದರು. ಬಾಗಿಲು ತೆಗೆದ ಎಸ್ತರಮ್ಮನ ಭುಜದ ಮೇಲೆ ಮಗು ಅಳುತ್ತಿತ್ತು. ಮನೆ ಅಸ್ತವ್ಯಸ್ತವಾಗಿತ್ತು. ಸಿಂಕಿನಲ್ಲಿ ಎರಡು ದಿನದ ಪಾತ್ರೆ.

"ಏನು, ಈ ಸಲ ಯಾರ ವಿಷ್ಯ ತಗೊಂಡ್ ಹೋಗೋಕ್ ಬಂದ್ರಿ? ಕೂತ್ಕೊಳಿ, ನನ್ ಮೊಣಕಾಲಿಂದೇ ಬರ್ಕೊಳಿ."

"ಎಸ್ತರಮ್ಮ, ಮಗೂನ ತಾಯಿ ಹತ್ರ ಬಿಡಿ."

"ಬಿಡ್ತೀನಿ. ಏನಾದ್ರೂ ಆದ್ರೆ ನಿಮ್ ಸಂಘ ಬರತ್ತಾ? ಬಾಯಿ ಬಿಟ್ಟಿದ್ದು ನೀವು, ಈಗ ನನಗೆ ಬುದ್ಧಿ ಹೇಳೋಕೆ ಬಂದಿದೀರಾ?" ಎಸ್ತರಮ್ಮ ಮಗುವನ್ನು ಇನ್ನೊಂದು ಭುಜಕ್ಕೆ ಹಾಕಿಕೊಂಡರು. ಆಮೇಲೆ ದನಿ ಬದಲಾಯಿತು. "ನಮ್ಮಕ್ಕಂಗೂ ಹೆರಿಗೆ ಆದ್ಮೇಲೆ ಹಿಂಗೇ ಆಗಿತ್ತು. ಎಲ್ರೂ ಸರಿ ಹೋಗ್ತಾಳೆ ಬಿಡು ಅಂದ್ರು. ಆ ಕೂಸು ಉಳೀಲಿಲ್ಲ. ನಾನ್ ಹನ್ನೆರಡ್ ವರ್ಷದವಳು, ಕಣ್ಣಾರೆ ನೋಡಿದೀನಿ. ನನಗೆ ಸೊಸೆ ಮೇಲೆ ಸಿಟ್ಟಿಲ್ಲ ಕಣ್ರೀ. ಭಯ."

ಇದಕ್ಕೆ ಕೃಪಾವತಿಯ ಬಳಿ ಮಾತಿತ್ತು. ದಾರಿಯುದ್ದಕ್ಕೂ ಅಣಿಮಾಡಿಕೊಂಡು ಬಂದಿದ್ದರು. ಅದನ್ನು ಬಿಟ್ಟು ಬೇರೆ ಹೇಳಿದರು. "ಅವಳು ಮನೆಗೆ ಬರ್ಲಿ. ಡಾಕ್ಟ್ರಿಗೆ ತೋರ್ಸೋಣ. ಸುನೀಲ ಕೆಲ್ಸಕ್ಕೆ ಹೋಗಿ ಬರೋ ತನಕ ನಾನ್ ಇಲ್ಲೇ ಇರ್ತೀನಿ, ದಿನಾ. ಮಗು ಜೊತೆ ಅವಳು ಒಬ್ಳೇ ಇರೋ ಹಾಗಿಲ್ಲ, ಸರಿನಾ?"

"ಎಷ್ಟ್ ದಿನ ಇರ್ತೀರಿ?"

"ನೀವ್ ಸಾಕು ಅನ್ನೋ ತನಕ."

ಎಸ್ತರಮ್ಮ ಅವರನ್ನು ಮೇಲಿಂದ ಕೆಳಗಿನ ತನಕ ನೋಡಿದರು. "ಇರೋದಾದ್ರೆ ಸುಮ್ನೆ ಕೂತಿರೋದಲ್ಲ. ಕೆಲ್ಸದವಳು ಊರಿಗ್ ಹೋದವಳು ಬಂದಿಲ್ಲ. ನನಗೆ ಬಗ್ಗೋಕಾಗಲ್ಲ. ಯಾಕ್ ಬರ್ತೀರಿ ಅಂತ ಹೊರಗೆ ಒಂದಕ್ಷರ ಹೇಳೋ ಹಾಗೂ ಇಲ್ಲ. ಅಧ್ಯಕ್ಷರಿಗೆ ಆಗತ್ತಾ?"

ಕೃಪಾವತಿ ಸಿಂಕಿನ ಕಡೆ ಹೋಗಿ ನಲ್ಲಿ ತಿರುಗಿಸಿದರು. ಬೇರೇನು ಮಾಡಬೇಕೆಂದು ತೋಚಲಿಲ್ಲ, ಅದಕ್ಕೆ.

ಶನಿವಾರ ಮೋನಿಷಾ ಮನೆಗೆ ಬಂದಳು. ಸೋಮವಾರದಿಂದ ಕೃಪಾವತಿ ಬೆಳಗ್ಗೆ ಏಳಕ್ಕೆ ಜಾಲಹಳ್ಳಿಯಲ್ಲಿ ಬಸ್ಸು ಹತ್ತಿ, ಹೆಬ್ಬಾಳದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು, ಎಂಟೂವರೆಗೆ ಸಹಕಾರನಗರ ಸೇರುವುದು. ಸುನೀಲ ಬರುವ ತನಕ, ಸಂಜೆ ಆರೂವರೆಯವರೆಗೆ ಇರುವುದು. ಪಾತ್ರೆ, ನೆಲ, ಮಗುವಿನ ಬಟ್ಟೆ. ಮಗುವಿನ ಬಟ್ಟೆಯೇ ದಿನಕ್ಕೆ ಮೂರು ಬಕೆಟ್ಟು.

ಮೊದಲ ವಾರ ಚೆನ್ನಾಗಿ ನಡೆಯಲಿಲ್ಲ. ಕೆಲಸ ಮಾಡುವುದು ಅವರಿಗೆ ಕಷ್ಟವಾಗಿರಲಿಲ್ಲ; ಮಾಡಿಸದೆ ಇರುವುದು ಕಷ್ಟವಾಗಿತ್ತು. ಬೀರುವಿನ ಬಟ್ಟೆಯನ್ನೆಲ್ಲ ಕೇಳದೆ ಹೊಸದಾಗಿ ಜೋಡಿಸಿದರು. ಮಗುವಿನ ಕತ್ತು ಹಾಗಲ್ಲ ಹೀಗೆ ಹಿಡಿ ಎಂದರು. ತೇಗು ಬರುವ ಮೊದಲೇ ಮಲಗಿಸಬೇಡ ಎಂದರು. ನಾಲ್ಕನೆಯ ದಿನ ಮೋನಿಷಾ ಮಗುವನ್ನು ಅವರ ಕೈಗೆ ತುರುಕಿ, "ಆಂಟಿ, ಇದು ಫ್ಯಾಕ್ಟ್ರಿ ಅಲ್ಲ" ಎಂದು ಕೋಣೆಯ ಬಾಗಿಲು ಹಾಕಿಕೊಂಡಳು. ಹಜಾರದಲ್ಲಿ ಬಟಾಣಿ ಸುಲಿಯುತ್ತಿದ್ದ ಎಸ್ತರಮ್ಮ ಮೊದಲ ಸಲ ಸೊಸೆಯ ಪರವಾಗಿ ನಕ್ಕರು.

ಅಂದಿನಿಂದ ಕೃಪಾವತಿ ಒಂದು ಅಭ್ಯಾಸ ಮಾಡಿಕೊಂಡರು. ಬಾಯಿಗೆ ಬಂದ ಸಲಹೆಯನ್ನು ನುಂಗಿ, ಅದರ ಜಾಗದಲ್ಲಿ "ಈಗ ಏನ್ ಮಾಡ್ಲಿ?" ಎಂದು ಕೇಳುವುದು. ಮೊದಮೊದಲು ಅದೂ ಗದರಿದ ಹಾಗೇ ಕೇಳುತ್ತಿತ್ತು. ಬೆಳಗ್ಗೆ ಮಗುವಿಗೆ ಎರೆಯುವಾಗ ಮಾತ್ರ ಅವರ ಕೈ ತಡೆಯಲಾರದೆ ಒದ್ದಾಡುತ್ತಿತ್ತು. ನೂರು ಮಕ್ಕಳಿಗೆ ಎರೆದ ಕೈ. ಕಾಲು ಚಾಚಿ ಕೂತು ಮಗುವನ್ನು ಕಾಲ ಮೇಲೆ ಮಲಗಿಸಿಕೊಳ್ಳುವುದು ಮೋನಿಷಾಳೇ. ಕೃಪಾವತಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಬಿಸಿನೀರಿಗೆ ತಣ್ಣೀರು ಬೆರೆಸಿ ಚೆಂಬು ಕೊಡುವುದು. ನೀರು ಹದವಾಗಿದೆಯೇ ಎಂದು ನೋಡುವುದೊಂದೇ ಅವರ ಪಾಲಿನ ಅಧಿಕಾರ.

ಹೆಬ್ಬಾಳದ ಆಸ್ಪತ್ರೆಯಲ್ಲಿ ಮಾನಸಿಕ ವಿಭಾಗದ ಡಾಕ್ಟರು, ನಡುವಯಸ್ಸಿನ ಹೆಂಗಸು, ಬಾಗಿಲಲ್ಲೇ ಕೇಳಿದರು. "ಇವರ ಜೊತೆ ನೀವ್ಯಾರು? ತಾಯೀನಾ, ಅತ್ತೇನಾ?"

ಬೇರೆ ಯಾವುದೇ ಆಸ್ಪತ್ರೆಯಲ್ಲಾಗಿದ್ದರೆ ಕೃಪಾವತಿ ಸಂಘದ ಹೆಸರು ಹೇಳಿ ಒಳಗೆ ನುಗ್ಗುತ್ತಿದ್ದರು. ಡಾಕ್ಟರನ್ನು ಪ್ರಶ್ನೆಯೂ ಕೇಳುತ್ತಿದ್ದರು. ಈಗ ಮೋನಿಷಾಳ ಮುಖ ನೋಡಿದರು. "ಮನೆ ಕೆಲ್ಸಕ್ಕೆ ಬರ್ತೀನಿ ಮೇಡಂ."

"ಹಾಗಾದ್ರೆ ಹೊರಗ್ ಕೂತಿರಿ."

ಕೂತರು. ಒಳಗೆ ಏನು ಮಾತಾಯಿತೆಂದು ಅವರಿಗೆ ಗೊತ್ತಾಗಲಿಲ್ಲ, ಕೇಳಲೂ ಇಲ್ಲ. ಬಸ್ಸಿನಲ್ಲಿ ಮೋನಿಷಾ ತಾನಾಗಿ ಒಂದಿಷ್ಟು ಹೇಳಿದಳು. ಇದು ಕಾಯಿಲೆ, ಹೆತ್ತ ಎಷ್ಟೋ ಜನಕ್ಕೆ ಬರುತ್ತದೆ, ಮಾತ್ರೆಯಿಂದ ವಾಸಿಯಾಗುತ್ತದೆ, ಮಗುವಿಗೆ ಎದೆಹಾಲು ಕೊಡಬಹುದು, ರಾತ್ರಿ ನಿದ್ದೆ ಕೆಡಬಾರದು. ಮುಂದಿನ ಸಲ ಗಂಡನನ್ನು ಕರೆತರಬೇಕು.

ಮಹಿಳಾ ಭಾನುವಾರ ಬಂತು. ಅಂದು ಸುನೀಲನಿಗೆ ಡ್ಯೂಟಿ. ಎಸ್ತರಮ್ಮ ದೇವಾಲಯಕ್ಕೆ ಹೋಗಬೇಕು, ಅವರು ಎರಡು ಭಾನುವಾರ ತಪ್ಪಿಸಿದ್ದರು. ಮೋನಿಷಾಗೆ ಜನರ ಮುಖ ನೋಡುವುದು ಬೇಡವಾಗಿತ್ತು. ಕೃಪಾವತಿ ಶನಿವಾರವೇ ಸಲೋಮಿಗೆ ಫೋನು ಮಾಡಿದರು.

"ನಾಳೆ ಸಂದೇಶ ನೀನೇ ಕೊಡಮ್ಮ. ನಾನ್ ಬರೆದಿಟ್ಟಿದೀನಿ, ಹನ್ನೊಂದು ಪುಟ. ದಿಲ್ಶಾದ್ ಹತ್ರ ಕೊಟ್ಟಿರ್ತೀನಿ, ತಗೊಂಡು ಓದು."

"ಅಯ್ಯೋ ಆಂಟಿ, ಹುಷಾರಿಲ್ವಾ?"

"ಹುಷಾರಾಗೇ ಇದೀನಿ. ಬೇರೆ ಕೆಲ್ಸ ಇದೆ."

"ಮಹಿಳಾ ಭಾನುವಾರಕ್ಕಿಂತ ದೊಡ್ಡ ಕೆಲ್ಸ ಏನ್ ಆಂಟಿ?"

ಕೃಪಾವತಿ ಬಾಯಿ ತೆರೆದು, ಮುಚ್ಚಿ, "ಇದೆ" ಎಂದು ಫೋನಿಟ್ಟರು.

ಭಾನುವಾರ ಮಧ್ಯಾಹ್ನ ಎಸ್ತರಮ್ಮ ಬಂದಾಗ ಕೃಪಾವತಿ ಬಚ್ಚಲಲ್ಲಿ ಮಗುವಿನ ಬಟ್ಟೆ ಜಾಲಿಸುತ್ತಿದ್ದರು. "ಸಲೋಮಿ ಎಷ್ಟ್ ಚೆನ್ನಾಗ್ ಮಾತಾಡಿದ್ಲು ಗೊತ್ತಾ" ಎಂದು ಎಸ್ತರಮ್ಮ ಕುರ್ಚಿಯಲ್ಲಿ ಕೂತು ಸೀರೆಯ ನೆರಿಗೆ ಸಡಿಲಿಸಿದರು. "ತಗ್ಗಿಸ್ಕೊಳೋದು, ಸೇವೆ ಮಾಡೋದು, ಎಲ್ಲಾ. ಅರ್ಧ ಜನ ಕಣ್ಣೊರೆಸ್ಕೊಂಡ್ರು. ಅಷ್ಟ್ ಚಿಕ್ಕ ವಯಸ್ಸಿಗೆ ಎಂಥ ಜ್ಞಾನ ಅಂದ್ರು."

"ಯಾರು ಬರೆದಿದ್ದು ಅಂತ ಹೇಳಿದ್ಲಾ?" ಮಾತು ಜಾರಿಯೇ ಹೋಯಿತು.

"ಅವಳೇ ಬರ್ದಿರ್ಬೇಕು. ಯಾಕೆ?"

"ಏನಿಲ್ಲ." ಕೃಪಾವತಿ ಬಟ್ಟೆ ಹಿಂಡಿದರು. ಆ ದಿನ ಹಿಂಡಿದ ಬಟ್ಟೆಗಳು ಬೇಗ ಒಣಗಿದವು.

ಊರು ಸುಮ್ಮನಿರುತ್ತದೆಯೆ? ಏಪ್ರಿಲ್ ಹೊತ್ತಿಗೆ ಸುದ್ದಿ ಹಬ್ಬಿತು. ಕೃಪಾ ಆಂಟಿ ಸಹಕಾರನಗರದಲ್ಲಿ ಮನೆಗೆಲಸಕ್ಕೆ ಸೇರಿದ್ದಾರಂತೆ. ಪೊರಕೆ ಹಿಡಿದು ಮೆಟ್ಟಿಲು ಗುಡಿಸುತ್ತಿದ್ದುದನ್ನು ಯಾರೋ ಕಣ್ಣಾರೆ ಕಂಡಿದ್ದರು. ಪೆನ್ಷನ್ ಸಾಲುತ್ತಿಲ್ಲವೇನೋ ಎಂದು ಒಬ್ಬರು, ತಲೆ ಸ್ವಲ್ಪ ಆ ಕಡೆ ಈ ಕಡೆ ಆಗಿರಬೇಕು ಎಂದು ಇನ್ನೊಬ್ಬರು. ಬುಧವಾರದ ಕೂಟಕ್ಕೆ ಅವರು ಎಂಟು ವಾರ ಬಂದಿರಲಿಲ್ಲ. ಮೇ ತಿಂಗಳ ಚುನಾವಣೆಯ ದಿನ ಎಸ್ತರಮ್ಮನೇ ನಾಲ್ಕೈದು ಗಂಟೆ ಬಿಡುವು ಕೊಟ್ಟು ಜಾಲಹಳ್ಳಿಗೆ ಕಳಿಸಿದರು.

ಸಂಘದವರಲ್ಲಿ ಹಿರಿಯರೊಬ್ಬರು ಎದ್ದು ನಿಂತರು. "ಕೃಪಾ, ಹದಿನೆಂಟ್ ವರ್ಷ ಮಾಡಿದೀಯ, ಇಲ್ಲ ಅನ್ನಲ್ಲ. ಆದ್ರೆ ಎರಡ್ ತಿಂಗ್ಳಿಂದ ಸಂಘ ಇದೆಯಾ ಸತ್ತಿದೆಯಾ ಅಂತಾನೂ ಕೇಳಿಲ್ಲ. ಏನಂತ ಹೇಳಮ್ಮ ನಮಗೆ."

ಇಪ್ಪತ್ತು ಮುಖಗಳು ಅವರತ್ತ ತಿರುಗಿದವು. ಫೆಬ್ರುವರಿಯಲ್ಲಿ ಸ್ತೋತ್ರ ಎಂದ ಮುಖಗಳೇ. ಒಂದೇ ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ನಾನೊಂದು ತಪ್ಪು ಮಾಡಿದ್ದೆ, ಅದನ್ನು ತೀರಿಸುತ್ತಿದ್ದೇನೆ. ಹೆಸರೂ ಬೇಕಾಗಿರಲಿಲ್ಲ. ಅಷ್ಟು ಹೇಳಿದರೆ ಪೊರಕೆಯ ಮಾತಾಡಿದವರೇ ಬಂದು ಕೈ ಹಿಡಿದುಕೊಳ್ಳುತ್ತಿದ್ದರು. ಆ ವಾಕ್ಯ ಸಿದ್ಧವಾಗಿ ನಾಲಿಗೆಯ ಮೇಲೆ ನಿಂತಿತ್ತು. ಆದರೆ ಯಾವ ಮನೆ ಎಂಬುದು ಎಲ್ಲರಿಗೂ ಗೊತ್ತಿತ್ತು. ತಪ್ಪು ಎಂದ ಕೂಡಲೇ ಏನು ತಪ್ಪು ಎಂದು ಶುರುವಾಗುತ್ತದೆ. ಸಂಜೆಯೊಳಗೆ ಅದು ಮತ್ತೆ ಮೋನಿಷಾಳ ಮನೆ ಬಾಗಿಲಿಗೆ ಹೋಗಿ ನಿಲ್ಲುತ್ತದೆ.

"ಬೇರೆ ಕೆಲ್ಸ ಇತ್ತು" ಎಂದರು ಕೃಪಾವತಿ. "ಸಂಘ ನೋಡ್ಕೊಳೋಕೆ ಆಗ್ಲಿಲ್ಲ. ಸಲೋಮಿ ಮಾಡ್ಲಿ."

ಚಪ್ಪಾಳೆಯಾಯಿತು. ಕಾಫಿಗೆ ನಿಲ್ಲುವಷ್ಟು ಹೊತ್ತಿರಲಿಲ್ಲ, ನಾಲ್ಕೂವರೆಯ ಬಸ್ಸು ಹಿಡಿಯಬೇಕಿತ್ತು. ಬಸ್ಸಿನಲ್ಲಿ ಹೆಬ್ಬಾಳದ ತನಕ ಅಳುತ್ತಾ ಹೋದರು. ಅದು ಪಶ್ಚಾತ್ತಾಪದ ಅಳು ಎಂದು ಹೇಳಿದರೆ ಸುಳ್ಳಾಗುತ್ತದೆ. ಕುರ್ಚಿ ಹೋಯಿತು ಎಂದೇ ಅತ್ತರು. ಇಳಿದು, ಸ್ಟಾಪಿನ ನಲ್ಲಿಯಲ್ಲಿ ಮುಖ ತೊಳೆದು, ಇನ್ನೊಂದು ಬಸ್ಸು ಹತ್ತಿದರು.

ಮೋನಿಷಾ ಒಂದೇ ದಿನದಲ್ಲಿ ಗುಣವಾಗಲಿಲ್ಲ. ಎರಡು ದಿನ ನಕ್ಕರೆ ಮೂರನೆಯ ದಿನ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಡಾಕ್ಟರು ಒಮ್ಮೆ ಮಾತ್ರೆ ಬದಲಿಸಿದರು. ಸುನೀಲ ಆಸ್ಪತ್ರೆಗೆ ಹೋಗಿ ಬಂದ ಮೇಲೆ ಸಂಜೆ ಮಗುವನ್ನು ತಾನೇ ಮಲಗಿಸತೊಡಗಿದ, ಹೊರಡುವ ಕೃಪಾವತಿಗೆ "ಬಸ್ ಸ್ಟಾಪ್ ತನಕ ಬಿಡ್ಲಾ ಆಂಟಿ?" ಎಂದು ಒಮ್ಮೆ ಕೇಳಿದ. ಎಸ್ತರಮ್ಮ ತಮ್ಮ ಅಕ್ಕನ ವಿಷಯವನ್ನು ಒಂದು ಮಧ್ಯಾಹ್ನ ಸೊಸೆಗೆ ಪೂರ್ತಿಯಾಗಿ ಹೇಳಿದರು. ಆಗ ಕೃಪಾವತಿ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಕೇಳಿಸದಿರಲಿ ಎಂದು ನಲ್ಲಿ ಬಿಟ್ಟುಕೊಂಡು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದರು.

ಈ ನಾಲ್ಕು ತಿಂಗಳಲ್ಲಿ ಮೋನಿಷಾ ಆ ಬುಧವಾರದ ಮಾತೆತ್ತಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ. ಕೃಪಾವತಿಗೆ ಮೊದಲು ಅದರ ನಿರೀಕ್ಷೆಯಿತ್ತು. ಆಮೇಲೆ ಮಗುವಿಗೆ ಹಲ್ಲು ಬಂತು, ಭೇದಿ ಶುರುವಾಯಿತು, ಬಕೆಟ್ಟು ಮೂರರಿಂದ ಐದಾಯಿತು. ನಿರೀಕ್ಷಿಸುವುದಕ್ಕೆ ಬಿಡುವಿಲ್ಲದೆ ಹೋಯಿತು.

ಜೂನ್ ಮೂರನೆಯ ವಾರ ಎಸ್ತರಮ್ಮನ ತಂಗಿಯ ಮಗನ ಮದುವೆ ನಿಶ್ಚಯ, ಕೋಲಾರದಲ್ಲಿ. ಹಿಂದಿನ ಸಂಜೆ ಕೃಪಾವತಿ ಚಪ್ಪಲಿ ಹಾಕಿಕೊಳ್ಳುವಾಗ ಎಸ್ತರಮ್ಮ ಬಾಗಿಲ ತನಕ ಬಂದರು.

"ನಾಳೆಯಿಂದ ನೀವ್ ಬರ್ಬೇಡಿ."

ಏನು ತಪ್ಪಾಯಿತೆಂದು ಕೃಪಾವತಿ ಒಂದು ಕ್ಷಣ ಗಾಬರಿಯಾದರು. "ನಾಳೆ ನೀವ್ ಕೋಲಾರಕ್ಕೆ ಹೋಗ್ತೀರಿ. ಸುನೀಲ ಡ್ಯೂಟಿಗೆ."

"ಗೊತ್ತು. ಮೋನಿಷಾ ಇರ್ತಾಳಲ್ಲ."

"ಒಬ್ಳೇ?"

"ಅವಳ್ ಮಗು ಜೊತೆ ಅವಳಿರ್ತಾಳೆ, ಒಬ್ಳೇ ಯಾಕಾಗ್ತಾಳೆ?" ಎಸ್ತರಮ್ಮ ಗದರಿದರು. ಆದರೆ ಬಾಗಿಲ ಚೌಕಟ್ಟು ಹಿಡಿದ ಅವರ ಕೈ ಬಿಗಿಯಾಗಿತ್ತು. "ಡಾಕ್ಟ್ರು ಏನೂ ತೊಂದ್ರೆ ಇಲ್ಲ ಅಂದಿದಾರೆ. ಅವಳೇ ಕೇಳಿದ್ಲು, ನಾಳೆ ನಾನೇ ನೋಡ್ಕೊಳ್ತೀನಿ ಅಂತ. ನಾನ್ ಹೂಂ ಅಂದಿದೀನಿ. ನೀವು ಏನೂ ಅನ್ಬೇಡಿ."

ಕೃಪಾವತಿ ಒಳಗೆ ನೋಡಿದರು. ಮೋನಿಷಾ ಚಾಪೆಯ ಮೇಲೆ ಮಗುವಿನ ಬಟ್ಟೆ ಮಡಿಸುತ್ತಿದ್ದಳು. ತಲೆ ಎತ್ತಲಿಲ್ಲ. ಕೇಳಿಸಿಕೊಳ್ಳುತ್ತಿದ್ದಾಳೆ ಎಂಬುದು ಮಡಿಸುವ ಕೈ ನಿಂತದ್ದರಿಂದ ಗೊತ್ತಾಗುತ್ತಿತ್ತು. ಏಳೆಂಟು ಸೂಚನೆಗಳು ಒಟ್ಟಿಗೆ ಕೃಪಾವತಿಯ ಗಂಟಲಿಗೆ ಬಂದವು.

"ಆಯ್ತು" ಎಂದು ಮೆಟ್ಟಿಲಿಳಿದರು.

ಮರುದಿನ ಅಭ್ಯಾಸಬಲದಿಂದ ಐದೂವರೆಗೇ ಎಚ್ಚರವಾಯಿತು. ಎಂಟೂವರೆ ಆಯಿತು. ಒಂಬತ್ತಕ್ಕೆ ಎರೆಯುವ ಹೊತ್ತು. ಹತ್ತಕ್ಕೆ ಮಲಗುವ ಹೊತ್ತು. ಕೃಪಾವತಿ ತಮ್ಮ ಮನೆಯ ಕಿಟಕಿಗಳನ್ನೆಲ್ಲ ಒರೆಸಿದರು. ಫೋನನ್ನು ಎತ್ತಿಕೊಂಡು ಎರಡು ಸಲ ಇಟ್ಟರು. ಹನ್ನೊಂದಕ್ಕೆ ಅದನ್ನು ಕೆಳಗೆ ತೆಗೆದುಕೊಂಡು ಹೋಗಿ ದಿಲ್ಶಾದಳ ಮೇಜಿನ ಮೇಲಿಟ್ಟರು.

"ಇಲ್ಲಿರ್ಲಿ. ನನ್ ಕೈಗೆ ಕೊಡ್ಬೇಡ."

"ಯಾಕೆ, ಯಾರದಾದ್ರೂ ಫೋನ್ ಬರತ್ತಾ?"

"ಬರ್ದಿದ್ರೆ ಒಳ್ಳೇದು."

ಹನ್ನೆರಡೂ ಕಾಲಿಗೆ ಬಂತು. ದಿಲ್ಶಾದ್ ಪರದೆ ನೋಡಿ ಫೋನನ್ನು ಚಾಚಿದಳು. ಕೃಪಾವತಿ ಅದನ್ನು ಕಿವಿಗಿಟ್ಟರು.

"ಆಂಟಿ, ಹುಣಸೆಹಣ್ಣು ಎಲ್ಲಿಟ್ಟಿದೀರಿ?"

ಹಿಂದೆ ಕುಕ್ಕರು ಕೂಗುತ್ತಿತ್ತು. ಅದರಾಚೆ ಮಗು ತನ್ನಷ್ಟಕ್ಕೆ ತಾನು ಏನೋ ಗಲಾಟೆ ಮಾಡುತ್ತಿತ್ತು.

"ಒಲೆ ಮೇಲ್ಗಡೆ ಅಟ್ಟದಲ್ಲಿ. ಪಿಂಗಾಣಿ ಭರಣಿ, ನೀಲಿ ಮುಚ್ಚಳ."

"ಸಿಕ್ತು." ಭರಣಿ ಕೆಳಗಿಟ್ಟ ಸದ್ದಾಯಿತು. "ಎಷ್ಟ್ ನೆನೆಹಾಕ್ಲಿ?"

"ನಿನಗೆಷ್ಟ್ ಬೇಕೋ ಅಷ್ಟು."

"ಸರಿ. ಅಯ್ಯೋ, ಇವಳು ಚಾಪೆ ಬಿಟ್ಟು ಎಲ್ಲಿಗೋ ಹೊರಟ್ಲು. ಇಡ್ತೀನಿ ಆಂಟಿ."